ಮಾಸ್ಕ್ ಒಗ್ಗದಿದ್ದರೆ ಮುಂದೇನು?

9 ಮಾರ್ಚ್ 2025, ಭಾನುವಾರ

ನಿದ್ರಾ ಪರೀಕ್ಷೆಯ ವರದಿಯನ್ನು ಇಂದು ಬೆಳಿಗ್ಗೆ ಮತ್ತೆ ಕೈಗೆತ್ತಿಕೊಂಡು, ಮೊದಲ ಪುಟದ ದಪ್ಪಕ್ಷರದ ಅಂಕಿಯ ಆಚೆಗೂ ಏನಿದೆಯೆಂದು ನಿಧಾನವಾಗಿ ಓದಿದೆ. ಮೊದಲ ಪುಟದಲ್ಲಿರುವುದು ಗಂಟೆಗೆ 22 ಎಂಬ ಸಂಖ್ಯೆ. ನಿದ್ದೆಯಲ್ಲಿ ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತುಹೋದ ಇಲ್ಲವೇ ತೀರ ಕುಗ್ಗಿದ ಸಂದರ್ಭಗಳ ಸರಾಸರಿ, ಅಂದರೆ ಕಾಯಿಲೆಯ ಸೂಚ್ಯಂಕ, ಅದು. 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, ಅದಕ್ಕೂ ಮೇಲೆ ಹೋದರೆ ತೀವ್ರ ಎಂಬ ಲೆಕ್ಕದಲ್ಲಿ ನನ್ನದು ಮಧ್ಯಮ ದರ್ಜೆಯ ಸ್ಲೀಪ್ ಆಪ್ನಿಯಾ. ಆದರೆ ಒಳಪುಟದ ಒಂದು ಸಣ್ಣ ಕೋಷ್ಟಕ ಇದಕ್ಕಿಂತ ಹೆಚ್ಚಿನ ಸಂಗತಿಯನ್ನು ಹೇಳುತ್ತದೆ: ಅಂಗಾತ ಮಲಗಿದಾಗ 38, ಮಗ್ಗುಲಾಗಿ ಮಲಗಿದಾಗ 9. ಮಲಗುವಾಗ ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಎಂಬ ಉಸಿರಾಟದ ಯಂತ್ರ ನನಗೆ ಒಗ್ಗಿಲ್ಲ; ಅದಕ್ಕೆ ಪರ್ಯಾಯವಿದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಈ ಕೋಷ್ಟಕದಿಂದಲೇ ಎಂದು ನನಗೀಗ ಅನ್ನಿಸುತ್ತಿದೆ. ಗಂಟಲು ಎಲ್ಲಿ ಮುಚ್ಚಿಕೊಳ್ಳುತ್ತದೆ, ಯಾವ ಭಂಗಿಯಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದು ತಿಳಿಯದೆ ಪರ್ಯಾಯ ಆರಿಸುವುದು ಕಣ್ಣುಕಟ್ಟಿಕೊಂಡು ನಡೆದಂತೆ.

ಯಂತ್ರವನ್ನು ಹಳಿಯುವ ಉದ್ದೇಶ ನನಗಿಲ್ಲ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಸತತವಾಗಿ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡಬಹುದೆಂದು ತೋರಿಸುವವರೆಗೆ, ತೀವ್ರ ಕಾಯಿಲೆಗೆ ಇದ್ದ ಭರವಸೆಯ ಚಿಕಿತ್ಸೆಯೆಂದರೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ನೇರ ದಾರಿ ಮಾಡುವುದು. ಸಿಪ್ಯಾಪ್ ಹಾಕಿಕೊಂಡಷ್ಟು ಹೊತ್ತು ಅದರಷ್ಟು ಪರಿಣಾಮಕಾರಿಯಾದದ್ದು ಬಹಳ ಕಡಿಮೆ. ತೊಡಕಿರುವುದು "ಹಾಕಿಕೊಂಡಷ್ಟು ಹೊತ್ತು" ಎಂಬಲ್ಲಿಯೇ. ಮಾಸ್ಕಿನ ಅಳತೆ ಬದಲಿಸಿದ್ದಾಯಿತು, ಗಾಳಿಗೆ ತೇವ ಸೇರಿಸುವ ತೊಟ್ಟಿ ಜೋಡಿಸಿದ್ದಾಯಿತು, ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರವೂ ಬಂದಾಯಿತು. ಆದರೂ ನಡುರಾತ್ರಿ ನನ್ನ ಕೈ ನನಗೆ ತಿಳಿಯದಂತೆಯೇ ಅದನ್ನು ಕಿತ್ತು ಬದಿಗಿಡುತ್ತದೆ. ಇವನ್ನೆಲ್ಲ ಮಾಡಿ ನೋಡದವರು ಮೊದಲು ಮಾಡಿ ನೋಡುವುದೇ ಲೇಸು. ಅನೇಕರ ತೊಂದರೆ ಇಷ್ಟರಲ್ಲಿಯೇ ಬಗೆಹರಿಯುತ್ತದೆ.

ನನ್ನ ಕೋಷ್ಟಕ ಮೊದಲು ಸೂಚಿಸುವುದು ಭಂಗಿಯನ್ನು. ಅಂಗಾತ ಮಲಗಿದಾಗ ನಾಲಿಗೆಯ ಬುಡವೂ ಮೆದು ಅಂಗುಳವೂ ತಮ್ಮ ಭಾರಕ್ಕೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಕಿರಿದಾಗಿಸುತ್ತವೆ. ಅಂಗಿಯ ಬೆನ್ನಿಗೆ ಟೆನಿಸ್ ಚೆಂಡು ಹೊಲಿದುಕೊಳ್ಳುವ ಹಳೆಯ ಉಪಾಯ ಹುಟ್ಟಿದ್ದು ಇದನ್ನು ತಡೆಯಲೆಂದೇ. ಅದು ಕೆಲಸ ಮಾಡುತ್ತದೆ, ಆದರೆ ಬೆನ್ನಿಗೆ ಒತ್ತುವ ಚೆಂಡನ್ನು ವರ್ಷಗಟ್ಟಲೆ ಸಹಿಸಿಕೊಳ್ಳುವವರು ಕಡಿಮೆ. ಅದರ ಬದಲು ಎದೆಗೋ ಕುತ್ತಿಗೆಗೋ ಕಟ್ಟಿಕೊಳ್ಳುವ ಸಣ್ಣ ಉಪಕರಣಗಳು ಈಗ ಇವೆ. ಅಂಗಾತ ಹೊರಳಿದೊಡನೆ ಅವು ಮೆಲ್ಲಗೆ ಅದುರಿ, ಮಲಗಿದವರು ಪೂರ್ತಿ ಎಚ್ಚರಗೊಳ್ಳದೆಯೇ ಮಗ್ಗುಲು ಬದಲಿಸುವಂತೆ ಮಾಡುತ್ತವೆ. ನನ್ನ ಮಟ್ಟಿಗೆ ಇದೊಂದರಿಂದಲೇ 9ಕ್ಕೆ ಇಳಿದರೂ 5ರ ಒಳಗೆ ಬರುವುದಿಲ್ಲವಾದ್ದರಿಂದ ಜೊತೆಗೆ ಇನ್ನೊಂದು ಬೇಕು.

ಆ ಇನ್ನೊಂದು ಬಹುಶಃ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಬಾಯಿಯ ಸಾಧನ. ನಿದ್ರಾರೋಗಗಳಲ್ಲಿ ತರಬೇತಿ ಪಡೆದ ದಂತವೈದ್ಯೆಯೊಬ್ಬರನ್ನು ಮೊನ್ನೆ ಕಂಡಿದ್ದೆ. ಮಿಲಿಮೀಟರ್ ಗುರುತುಗಳಿದ್ದ, ನಡುವೆ ಸರಿಯುವ ಕಡ್ಡಿಯಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ನನ್ನ ಮುಂಹಲ್ಲುಗಳಿಂದ ಕಚ್ಚಿಸಿ, ಕೆಳದವಡೆಯನ್ನು ಎಷ್ಟು ಹಿಂದಕ್ಕೆ ಎಳೆದುಕೊಳ್ಳಬಲ್ಲೆ, ಎಷ್ಟು ಮುಂದಕ್ಕೆ ಚಾಚಬಲ್ಲೆ ಎಂದು ಅಳೆದರು. ಆ ಎರಡು ತುದಿಗಳ ನಡುವಿನ ಅಂತರದ ಸುಮಾರು ಅರ್ಧದಷ್ಟಕ್ಕೆ ಮೊದಲು ದವಡೆಯನ್ನು ನಿಲ್ಲಿಸಿ, ಆಮೇಲೆ ವಾರ ವಾರಕ್ಕೆ ಸ್ವಲ್ಪಸ್ವಲ್ಪವೇ ತಿರುಪನ್ನು ತಿರುಗಿಸುತ್ತ ಮುಂದೂಡುವುದು ಅವರ ಕ್ರಮ. ದವಡೆ ಮುಂದೆ ಬಂದಾಗ ಅದಕ್ಕಂಟಿದ ನಾಲಿಗೆಯೂ ಮುಂದೆ ಬಂದು, ಹಿಂದಿನ ದಾರಿ ಅಗಲವಾಗುತ್ತದೆ. ಉಸಿರಿನ ತಡೆಯನ್ನು ಅಳಿಸುವಲ್ಲಿ ಇದು ಸಿಪ್ಯಾಪಿನಷ್ಟು ಸಮರ್ಥವಲ್ಲವೆಂದು ಅವರೇ ಮೊದಲು ಹೇಳಿದರು. ಆದರೆ ಜನ ಇದನ್ನು ರಾತ್ರಿಯಿಡೀ ಹಾಕಿಕೊಳ್ಳುತ್ತಾರಾದ್ದರಿಂದ, ಹಗಲಿನ ತೂಕಡಿಕೆಯಂಥ ವಿಷಯಗಳಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಸಮಸಮವಾಗಿ ಕಂಡುಬಂದಿದೆ. ಮೊದಮೊದಲು ಜೊಲ್ಲು ಸುರಿಯುವುದು, ಬೆಳಿಗ್ಗೆ ದವಡೆಯ ಕೀಲು ನೋಯುವುದು, ವರ್ಷಗಳು ಕಳೆದಂತೆ ಹಲ್ಲುಗಳು ತುಸು ಸರಿದು ಮೇಲಿನ ಸಾಲು ಕೆಳಗಿನ ಸಾಲಿಗೆ ಮೊದಲಿನಂತೆ ಕೂಡದಿರುವುದು ಇದರ ಬೆಲೆ. ವಸಡು ಸಡಿಲವಿದ್ದವರಿಗೂ ಸಾಕಷ್ಟು ಹಲ್ಲುಗಳಿಲ್ಲದವರಿಗೂ ಇದು ಹೊಂದುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಳ್ಳುವ ಸಿದ್ಧ ಸಾಧನಗಳ ಬಗ್ಗೆ ಕೇಳಿದಾಗ ಅವರು ನಕ್ಕು ಸುಮ್ಮನಾದರು. ಆ ನಗೆಯೇ ನನಗೆ ಸಾಕಷ್ಟು ಉತ್ತರವಾಯಿತು.

ತೂಕದ ವಿಷಯವನ್ನು ಬಿಡುವಂತಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಯಸ್ಕರನ್ನು ನಾಲ್ಕು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೂಕ ಶೇ. 10ರಷ್ಟು ಇಳಿದರೆ ಈ ಸೂಚ್ಯಂಕ ಸುಮಾರು ಶೇ. 26ರಷ್ಟು ತಗ್ಗುತ್ತದೆ. ಸ್ಥೂಲಕಾಯದ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವ ವಯಸ್ಕರಿಗಾಗಿ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಈ ಕಾಯಿಲೆಗೆಂದೇ ಅಲ್ಲಿ ಮಾನ್ಯತೆ ಪಡೆದ ಮೊದಲ ಔಷಧ ಅದು. ನನ್ನ ತೂಕ ಅಷ್ಟಿಲ್ಲದ್ದರಿಂದ ಆ ದಾರಿ ನನ್ನದಲ್ಲ. ತೆಳ್ಳಗಿರುವವರಿಗೂ ದವಡೆಯ ರಚನೆಯ ಕಾರಣದಿಂದಲೇ ಈ ಕಾಯಿಲೆ ಬರುತ್ತದೆಂಬುದನ್ನು, "ಸ್ವಲ್ಪ ಇಳಿಸಿ, ಎಲ್ಲ ಸರಿಹೋಗುತ್ತದೆ" ಎನ್ನುವ ಹಿತೈಷಿಗಳು ಮರೆಯುತ್ತಾರೆ.

ನಾಲಿಗೆಯನ್ನು ಚಲಿಸುವ ನರವನ್ನು ಪ್ರಚೋದಿಸುವ ಉಪಕರಣವೂ ಇದೆ. ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಕೂರಿಸಿದ ಆ ಯಂತ್ರವನ್ನು ಮಲಗುವಾಗ ರಿಮೋಟಿನಿಂದ ಚಾಲೂ ಮಾಡಿದರೆ, ಅದು ಉಸಿರಿಗೆ ತಕ್ಕಂತೆ ನಾಲಿಗೆಯನ್ನು ಮುಂದಕ್ಕೆ ಸರಿಸುತ್ತದೆ. 126 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೂಚ್ಯಂಕದ ಮಧ್ಯಾಂಕ ಒಂದು ವರ್ಷದಲ್ಲಿ 29.3ರಿಂದ 9ಕ್ಕೆ ಇಳಿದಿತ್ತು. ಆದರೆ ಅರಿವಳಿಕೆಯಲ್ಲಿ ನಿದ್ದೆ ಬರಿಸಿ, ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ಅಂಗುಳದ ಮಟ್ಟದಲ್ಲಿ ದಾರಿ ಸುತ್ತಲಿನಿಂದಲೂ ಪೂರ್ತಿ ಮುಚ್ಚಿಕೊಳ್ಳುವುದು ಕಂಡರೆ, ಸಾಮಾನ್ಯವಾಗಿ ಈ ಶಸ್ತ್ರಕ್ರಿಯೆಯನ್ನು ಸೂಚಿಸುವುದಿಲ್ಲ. ಅಂಗುಳವನ್ನು ಕತ್ತರಿಸುವ ಹಳೆಯ ಶಸ್ತ್ರಕ್ರಿಯೆ ಹಲವರಲ್ಲಿ ಗೊರಕೆಯನ್ನಷ್ಟೇ ತಗ್ಗಿಸಿ ಕಾಯಿಲೆಯನ್ನು ಹಾಗೆಯೇ ಉಳಿಸುತ್ತದೆ. ಎರಡೂ ದವಡೆಗಳನ್ನು ಕತ್ತರಿಸಿ ಮುಂದಕ್ಕೆ ಕೂರಿಸುವುದು ಬಲವಾದ ಚಿಕಿತ್ಸೆ, ಅಷ್ಟೇ ದೊಡ್ಡದು ಕೂಡ.

ನಾಲಿಗೆ ಮತ್ತು ಗಂಟಲಿನ ವ್ಯಾಯಾಮಗಳನ್ನು ನಾನು ಮೊದಲು ಹಗುರವಾಗಿ ಕಂಡಿದ್ದೆನಾದರೂ, ಡಿಡ್ಜರಿಡೂ ಎಂಬ ಊದುವ ವಾದ್ಯವನ್ನು ನಾಲ್ಕು ತಿಂಗಳು ಅಭ್ಯಾಸ ಮಾಡಿದವರ ಹಗಲಿನ ತೂಕಡಿಕೆ ಕಡಿಮೆಯಾದದ್ದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು 2006ರಲ್ಲಿ ವರದಿ ಮಾಡಿದ್ದಾರೆ. ಪ್ರಯೋಗದಲ್ಲಿದ್ದವರು ಬರೀ 25 ಮಂದಿ. ಪೂರಕವಾಗಿ ವ್ಯಾಯಾಮ ಮಾಡುವುದಕ್ಕೆ ಅಡ್ಡಿಯಿಲ್ಲ, ಅದನ್ನೇ ನಂಬಿ ಕೂರುವುದಕ್ಕೆ ನನಗೆ ಧೈರ್ಯವಿಲ್ಲ. ನೆರೆಹೊರೆಯವರಿಗೆ ತೊಂದರೆಯಾಗದ ವಾದ್ಯವೂ ಅದಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ತುಟಿಗೆ ಅಂಟಿಸುವ ಟೇಪು, ಗಲ್ಲದ ಪಟ್ಟಿ, ಗಂಟಲಿಗೆ ಸಿಂಪಡಿಸುವ ಎಣ್ಣೆಗಳಂಥ ವಸ್ತುಗಳು. ಸದ್ದು ಅಡಗಿದರೆ ಮನೆಯವರಿಗೆ ನಿದ್ದೆ ಬಂದೀತು. ಆದರೆ ಸದ್ದಿಲ್ಲದೆಯೂ ಉಸಿರು ನಿಲ್ಲಬಹುದು, ರಕ್ತದ ಆಮ್ಲಜನಕ ಕುಸಿಯಬಹುದು. ಇನ್ನು, ಮೆದುಳೇ ಉಸಿರಾಟಕ್ಕೆ ಸೂಚನೆ ಕಳುಹಿಸದ ಇನ್ನೊಂದು ಬಗೆಯ ಆಪ್ನಿಯಾ ಇದ್ದವರಿಗೆ ದವಡೆಯ ಸಾಧನದಿಂದ ಪ್ರಯೋಜನವಿಲ್ಲ. ನನ್ನದು ಆ ಬಗೆಯದಲ್ಲವೆಂದು ವರದಿಯಲ್ಲಿ ಸ್ಪಷ್ಟವಾಗಿದೆ.

ಆದ್ದರಿಂದ ನಾಳೆ ವೈದ್ಯರ ಮುಂದಿಡುವ ಪ್ರಸ್ತಾಪ ಇಷ್ಟು: ದವಡೆಯ ಸಾಧನ, ಜೊತೆಗೆ ಅದುರುವ ಪಟ್ಟಿ, ದವಡೆ ಅಗತ್ಯವಿರುವಷ್ಟು ಮುಂದೆ ಬಂದ ಮೇಲೆ ಎರಡನ್ನೂ ಧರಿಸಿಯೇ ಮತ್ತೊಮ್ಮೆ ನಿದ್ರಾ ಪರೀಕ್ಷೆ. ಹಿತವೆನಿಸಿತು, ಗೊರಕೆ ನಿಂತಿತು ಎಂಬಷ್ಟಕ್ಕೆ ತೃಪ್ತನಾಗದೆ ಅಂಕಿ ಇಳಿದದ್ದನ್ನು ಕಣ್ಣಾರೆ ಕಾಣುವವರೆಗೆ, ರಾತ್ರಿಯಲ್ಲಿ ತಡೆದುಕೊಳ್ಳಲಾದಷ್ಟು ಹೊತ್ತು ಮಾಸ್ಕನ್ನೂ ಹಾಕಿಕೊಳ್ಳುತ್ತೇನೆ. ಯಂತ್ರವನ್ನು ಈಗಲೇ ಹಿಂದಿರುಗಿಸುವುದಿಲ್ಲ.