ಆಯುಧಪೂಜೆಯ ಗ್ರೀಸ್

ಮುಚ್ಚಳ ತಿರುಗಿಸಿದ್ದೇ ತಡ, ಅರ್ಧ ಚೊಂಬಿನಷ್ಟು ನೀರು ನನ್ನ ಚಪ್ಪಲಿಯ ಮೇಲೆ ಸುರಿಯಿತು. ನೀರು ಎಂದು ಬರೆದದ್ದು ಓದುವವರ ಮೇಲಿನ ಗೌರವಕ್ಕೆ.

ಹಳೆಯ ಟೆಂಪೋ ಟ್ರಾವೆಲರನ್ನು ಕ್ಯಾರವಾನ್ ಮಾಡಿಸಿಕೊಂಡು ಎರಡು ವರ್ಷವಾಗಿದೆ. ದಾವಣಗೆರೆಯಿಂದ ಬಂದು ಚಿತ್ರದುರ್ಗದ ಹೊರಗೆ ಗೆಳೆಯನ ತೋಟದಲ್ಲಿ ತಂಗಿದ್ದೆವು. ಶೌಚದ ಟ್ಯಾಂಕನ್ನು ಅವನ ಸೆಪ್ಟಿಕ್ ಗುಂಡಿಗೆ ಖಾಲಿ ಮಾಡಿ ಕೋಟೆ ಹತ್ತುವುದೆಂದು ಲೆಕ್ಕ. ಆದರೆ ಟ್ಯಾಂಕಿನ ಪೈಪಿನ ತುದಿಯ ಮುಚ್ಚಳದ ಹಿಂದೆಯೇ ನೀರು ನಿಂತಿತ್ತು. ಅಂದರೆ ಪೈಪಿಗೆ ಅಡ್ಡಲಾಗಿ ಅಲಗು ಜಾರಿಸಿ ಟ್ಯಾಂಕನ್ನು ತಡೆಯುವ ವಾಲ್ವ್ ಪೂರ್ತಿ ಮುಚ್ಚಿಕೊಂಡಿರಲಿಲ್ಲ.

"ಪಾಳೆಯಗಾರರು ಮಳೆನೀರನ್ನು ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿ ಹೊಂಡಕ್ಕೆ ಇಳಿಸಿದ ಊರಿಗೆ ಬಂದು ಮೂರು ಇಂಚಿನ ಪೈಪಿಗೆ ಸೋತೆಯಲ್ಲ" ಎಂದು ಗೆಳೆಯ ನಕ್ಕ. ಪುಣ್ಯಕ್ಕೆ, ಅವನ ಗುಂಡಿ ಖಾಲಿ ಮಾಡಲು ಸಕ್ಕಿಂಗ್ ಗಾಡಿ ಅದೇ ದಿನ ಬಂದಿತ್ತು. ಅದರ ಚಾಲಕ ನಾವು ಕೇಳುವ ಮೊದಲೇ ಸ್ಪ್ಯಾನರ್ ಹಿಡಿದು ನಮ್ಮ ಗಾಡಿಯ ಕೆಳಗೆ ನುಸುಳಿದರು.

ಟ್ಯಾಂಕ್ ಖಾಲಿ ಮಾಡಿ ನಾಲ್ಕು ಬೋಲ್ಟ್ ಬಿಚ್ಚಿದಾಗ, ಎರಡು ಪೈಪುಗಳ ನಡುವಿನಿಂದ ವಾಲ್ವ್ ಪುಸ್ತಕದ ಹಾಳೆಯಂತೆ ಜಾರಿ ಬಂತು. ಅಲಗು ಕೂರುವ ಸಂದಿಯ ತಳದಲ್ಲಿ ಟಿಶ್ಯೂ ಕಾಗದ ಹಳೆಯ ಹುಣಸೆಹಣ್ಣಿನಂತೆ ಗಟ್ಟಿಯಾಗಿ ಕೂತಿತ್ತು. ರಬ್ಬರ್ ಸೀಲ್ ಒಂದು ಬದಿಯಲ್ಲಿ ಉಬ್ಬಿ, ಅದರ ತುಟಿ ಒಳಕ್ಕೆ ಮಡಚಿಕೊಂಡಿತ್ತು.

"ಗ್ರೀಸ್ ಹಚ್ಚಿದ್ದೀರಾ?" ಎಂದು ಚಾಲಕರು ಕೇಳಿದರು.

ಹಚ್ಚಿದ್ದೆ. ಆಯುಧಪೂಜೆಯ ದಿನ ಚಕ್ರಗಳಿಗೆ ಬಳಿದ ಗ್ರೀಸನ್ನೇ ಭಕ್ತಿಯಿಂದ ಇದಕ್ಕೂ ಬಳಿದಿದ್ದೆ. ಈ ರಬ್ಬರಿಗೆ ಸಿಲಿಕೋನ್ ಗ್ರೀಸೇ ಆಗಬೇಕಂತೆ. ಇನ್ನೊಂದು ತಪ್ಪನ್ನು ಕೇಳುವ ಮೊದಲೇ ಒಪ್ಪಿಕೊಂಡೆ: ತಂಗಿದ ಕಡೆಯೆಲ್ಲ ಗುಂಡಿಗೆ ಪೈಪ್ ಜೋಡಿಸಿ ವಾಲ್ವನ್ನು ತೆರೆದೇ ಇಡುತ್ತಿದ್ದೆ. ಹಾಗೆ ಬಿಟ್ಟರೆ ನೀರು ಹರಿದುಹೋಗಿ ಗಟ್ಟಿಯಾದದ್ದು ಗುಡ್ಡೆ ಬೀಳುತ್ತದೆ. ಮುಕ್ಕಾಲು ತುಂಬುವವರೆಗೆ ಮುಚ್ಚಿಟ್ಟು ಒಮ್ಮೆಲೇ ಬಿಟ್ಟರೆ ರಭಸಕ್ಕೆ ಎಲ್ಲವೂ ಕೊಚ್ಚಿಕೊಂಡು ಹೋಗುತ್ತದೆ. ಆಮೇಲೆ ಸಿಂಕಿನ ಟ್ಯಾಂಕ್ ಬಿಟ್ಟರೆ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ. ನಾನು ಈ ಕ್ರಮವನ್ನೂ ತಲೆಕೆಳಗು ಮಾಡುತ್ತಿದ್ದೆ.

ಹೊಸ ಸೀಲುಗಳ ಜೋಡಿ ಡಬ್ಬಿಯಲ್ಲಿತ್ತು. ಸಿಲಿಕೋನ್ ಗ್ರೀಸಿಗಾಗಿ ಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದೆ. ಕೂರಿಸುವಾಗ ಸೀಲಿನ ತುಟಿ ಮಡಚದಂತೆ ಚಾಲಕರು ಬೆರಳಿನಿಂದಲೇ ಸವರುತ್ತಾ ಬಂದರು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಎರಡೂ ಕೈಯಲ್ಲಿ ಜಗ್ಗುತ್ತಿದ್ದ ಹಿಡಿಕೆ ಎರಡೇ ಬೆರಳಿಗೆ ಜಾರಿತು. ದುಡ್ಡು ಕೊಡಲು ಹೋದರೆ ಚಹಾ ಸಾಕೆಂದರು.

ಟ್ಯಾಂಕಿಗೆ ನಾಲ್ಕು ಬಕೆಟ್ ನೀರು ಸುರಿದು, ಮುಚ್ಚಳ ತೆಗೆದಿಟ್ಟು, ಕೆಳಗೆ ಹಳೆಯ ಪತ್ರಿಕೆ ಹಾಸಿದೆವು. ಕೋಟೆಯಿಂದ ಇಳಿದು ಬಂದಾಗ ಪತ್ರಿಕೆ ಗರಿಗರಿಯಾಗಿ ಒಣಗಿಯೇ ಇತ್ತು. ಈಗಲೂ ಮುಚ್ಚಳ ತೆಗೆಯುವಾಗ ಮಾತ್ರ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.