ಬ್ಯಾಟರಿಯೋ, ಫೀಚರೋ? ಹೊಸ ಫೋನ್ ಕೊಳ್ಳುವವರಿಗೆ ನನ್ನ ಉತ್ತರ

"ಹೆಚ್ಚುಕಮ್ಮಿ ಒಂದೇ ಬೆಲೆಯ ಎರಡು ಫೋನ್ ನೋಡಿದ್ದೀನಿ. ಒಂದರಲ್ಲಿ 7000 ಎಂಎಎಚ್ ಬ್ಯಾಟರಿ, ಇನ್ನೊಂದರಲ್ಲಿ 5000, ಆದ್ರೆ ಪ್ರೊಸೆಸರ್, ಕ್ಯಾಮೆರಾ ಎರಡೂ ಚೆನ್ನಾಗಿವೆ. ಯಾವುದು ತಗೊಳ್ಳಲಿ?" ಫೋನ್ ಬದಲಿಸುವವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ ಹೇಳುವ ಮೊದಲು ನಾನು ಕೇಳುವುದು: ಈಗಿರುವ ಫೋನಿಗೆ ಏನಾಗಿದೆ?

ಚಾರ್ಜ್ ನಿಲ್ಲುತ್ತಿಲ್ಲ ಅನ್ನುವುದಷ್ಟೇ ತೊಂದರೆಯಾದರೆ ಹೊಸ ಫೋನೇ ಬೇಕಿಲ್ಲ. ಲಿಥಿಯಂ ಬ್ಯಾಟರಿ ಸವೆಯುವ ವಸ್ತು. ಅದರ ಸವೆತವನ್ನು ಚಾರ್ಜ್ ಸೈಕಲ್‌ನಲ್ಲಿ ಅಳೆಯುತ್ತಾರೆ: ಇವತ್ತು 50%, ನಾಳೆ 50% ಬಳಸಿದರೆ ಒಂದು ಸೈಕಲ್. ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗಳ ಬ್ಯಾಟರಿ 500 ಸೈಕಲ್ ಆದಮೇಲೆ, 15ರಿಂದೀಚೆಗಿನವು 1000 ಸೈಕಲ್ ಆದಮೇಲೆ 80% ಸಾಮರ್ಥ್ಯ ಉಳಿಸಿಕೊಳ್ಳುವಂತೆ ತಯಾರಾಗಿವೆ ಎಂದು ಆಪಲ್ ಹೇಳುತ್ತದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ಹೆಲ್ತ್‌ನಲ್ಲಿ 80ಕ್ಕಿಂತ ಕಡಿಮೆ ತೋರಿಸಿದರೆ ಬ್ಯಾಟರಿ ಹಾಕಿಸಿಕೊಳ್ಳಿ. ಅಂಕಿ ತೋರಿಸದ ಫೋನಾದರೆ ಲಕ್ಷಣ ನೋಡಿ: 20% ಇದ್ದಾಗ ಕ್ಯಾಮೆರಾ ತೆರೆದೊಡನೆ ಆಫ್ ಆಗುವುದು, ಯಾಕೆಂದರೆ ಹಳೆಯ ಬ್ಯಾಟರಿಯ ಒಳಪ್ರತಿರೋಧ (ಕರೆಂಟ್ ಹರಿವಿಗೆ ಒಳಗಿರುವ ತಡೆ) ಹೆಚ್ಚಿ, ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಹಿಂಭಾಗದ ಕವರ್ ಮೇಲೆದ್ದಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಅದನ್ನು ಒತ್ತಿ ಕೂರಿಸಬೇಡಿ, ಮತ್ತೆ ಚಾರ್ಜಿಗೂ ಹಾಕಬೇಡಿ.

ಫೋನ್ ಬದಲಿಸಲೇಬೇಕು ಅಂತಾದರೆ ಎಂಎಎಚ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಅದು ಟ್ಯಾಂಕಿನ ಅಳತೆ, ಮೈಲೇಜ್ ಅಲ್ಲ. ಮೈಲೇಜ್ ಪ್ರೊಸೆಸರ್ ಚಿಪ್‌ನ ಕೈಯಲ್ಲೂ ಇದೆ. ಸ್ನಾಪ್‌ಡ್ರಾಗನ್ 8 ಜೆನ್ 1 ಮತ್ತು 8 ಪ್ಲಸ್ ಜೆನ್ 1 ಹೆಚ್ಚುಕಡಿಮೆ ಒಂದೇ ವಿನ್ಯಾಸದ ಚಿಪ್‌ಗಳು. ಮೊದಲನೆಯದು ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ ತಯಾರಾಯಿತು, ಬಿಸಿಯಾಗುತ್ತದೆಂಬ ದೂರು ಕಟ್ಟಿಕೊಂಡಿತು. 2022ರಲ್ಲಿ ಬಂದ ಎರಡನೆಯದು ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯಲ್ಲಿ ತಯಾರಾಯಿತು, ಅದೇ ಕೆಲಸಕ್ಕೆ ಕಡಿಮೆ ವಿದ್ಯುತ್ ತಿಂದಿತು. ಬ್ಯಾಟರಿ ಸವೆದರೆ ಹೊಸದು ಹಾಕಿಸಬಹುದು. ಬ್ಯಾಟರಿ ತಿನ್ನುವ 120 ಹರ್ಟ್ಸ್ (ಸ್ಕ್ರೀನಿನ ಚಿತ್ರ ಸೆಕೆಂಡಿಗೆ 120 ಸಲ ಬದಲಾಗುವುದು), ಆಲ್ವೇಸ್ ಆನ್ ಡಿಸ್‌ಪ್ಲೇ (ಲಾಕ್ ಆಗಿದ್ದರೂ ಗಡಿಯಾರ ತೋರಿಸುವ ಸ್ಕ್ರೀನ್) ಬೇಡವೆನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಚಿಪ್ ಮಾತ್ರ ಕೊಂಡ ದಿನ ಯಾವುದಿತ್ತೋ ಕೊನೆಯವರೆಗೂ ಅದೇ. ಹಾಗಾಗಿ ಹೆಚ್ಚಿನವರಿಗೆ ನನ್ನ ಸಲಹೆ: 5000 ಎಂಎಎಚ್ ಇದ್ದರೆ ಸಾಕು, ಉಳಿದ ದುಡ್ಡನ್ನು ಪ್ರೊಸೆಸರ್‌ಗೆ ಮತ್ತು ಹೆಚ್ಚು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವ ಮಾಡೆಲ್‌ಗೆ ಹಾಕಿ.

ಫಾಸ್ಟ್ ಚಾರ್ಜಿಂಗ್ ವಾಟ್‌ಗಳಿಗೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಬ್ಯಾಟರಿ ತುಂಬುತ್ತಾ ಬಂದಂತೆ ಯಾವ ಫೋನಾದರೂ ಕರೆಂಟ್ ತಗ್ಗಿಸುತ್ತದೆ, ಕೊನೆಯ 20% ನಿಧಾನವಾಗಿಯೇ ತುಂಬುವುದು.

ಮಲೆನಾಡಿನ ಕಡೆಯವರಿಗೆ ಇನ್ನೊಂದು ಮಾತು. ಸಿಗ್ನಲ್ ಒಂದೇ ಕಡ್ಡಿ ಇರುವಲ್ಲಿ ಟವರನ್ನು ಮುಟ್ಟಲು ಫೋನ್ ಹೆಚ್ಚು ಶಕ್ತಿ ಸುರಿಯುತ್ತದೆ, 5ಜಿ ಮತ್ತು 4ಜಿ ನಡುವೆ ಓಲಾಡುತ್ತಾ ಇರುತ್ತದೆ. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 4ಜಿ ಆಯ್ಕೆ ಮಾಡಿ ಎರಡು ದಿನ ನೋಡಿ. ಬ್ಯಾಟರಿ ಕೆಟ್ಟಿದೆ ಅಂದುಕೊಂಡ ಎಷ್ಟೋ ಫೋನ್‌ಗಳಲ್ಲಿ ಅಸಲಿ ಕಾರಣ ಇದೇ.

ಡೆಲಿವರಿ ಮಾಡುವವರು, ಕ್ಯಾಬ್ ಓಡಿಸುವವರಿಗೆ ಮಾತ್ರ ನನ್ನ ಉತ್ತರ ಬೇರೆ: ನೀವು 7000ದ್ದನ್ನೇ ತಗೊಳ್ಳಿ. ಬಿಸಿಲಲ್ಲಿ ಪೂರ್ತಿ ಬ್ರೈಟ್‌ನೆಸ್, ದಿನವಿಡೀ ಮ್ಯಾಪ್, ಜತೆಗೆ ಡೇಟಾ. ಇಷ್ಟು ಭಾರ ಹೊರಲು ದೊಡ್ಡ ಬ್ಯಾಟರಿಯೇ ಬೇಕು. ಕಾರಿನಲ್ಲಾದರೆ ಫೋನ್ ಹೋಲ್ಡರನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡದೆ ಎಸಿ ಗಾಳಿ ಬರುವ ಕಡೆ ಸಿಕ್ಕಿಸಿ. ಕಾದ ಫೋನ್ ಚಾರ್ಜಿಂಗನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ, ಬ್ಯಾಟರಿಯೂ ಬೇಗ ಸವೆಯುತ್ತದೆ.