ಸದರಿ ಜಿಪ್ಪಿನ ಸದರಿ ಹಲ್ಲುಗಳು

ಚೀಲದ ಜಿಪ್ ಎಳೆದರೆ ರನ್ನರೇನೋ ಮುಂದಕ್ಕೆ ಹೋಗುತ್ತಿತ್ತು, ಆದರೆ ಅದು ದಾಟಿದ ಜಾಗದಲ್ಲಿ ಹಲ್ಲುಗಳು ಮತ್ತೆ ಬಾಯಿ ಬಿಡುತ್ತಿದ್ದವು. ಒಂದು ಹಲ್ಲೂ ಮುರಿದಿರಲಿಲ್ಲ, ಪಟ್ಟಿ ಹರಿದಿರಲಿಲ್ಲ. ಹಾಗಾದರೆ ಕೆಟ್ಟಿದ್ದು ಏನು? ದಿನವೂ ಎಳೆಯುವ ಈ ವಸ್ತು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ರಿಪೇರಿ ತೋರಿಸುವ ವೀಡಿಯೊಗಳು ಬೇಕಾದಷ್ಟಿವೆ. ನನಗೆ ಬೇಕಾಗಿದ್ದು ಬೇರೆ: ಇದನ್ನು ಮೊದಲು ಮಾಡಿದವರು ಇದರ ಬಗ್ಗೆ ತಾವೇ ಏನು ಬರೆದಿದ್ದಾರೆ? ಪೇಟೆಂಟುಗಳು ಯಾರು ಬೇಕಾದರೂ ಓದಬಹುದಾದ ದಾಖಲೆಗಳು ಎಂದು ಕೇಳಿದ್ದೆ. ರಜೆಯ ದಿನ, ಹುಡುಕೋಣ ಎಂದು ಕೂತೆ.

ಹುಡುಕುವ ಜಾಗಗಳಿಗೆ ಬರವಿಲ್ಲ. ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ 1998ರಿಂದಲೂ ಗೂಗಲ್ ಪೇಟೆಂಟ್ಸ್ 2006ರಿಂದಲೂ ಇವೆ. ಎರಡಕ್ಕೂ ಕಾಸು ಕೊಡಬೇಕಿಲ್ಲ. 'ಜಿಪ್ಪರ್' ಎಂದು ಕೊಟ್ಟೆ. ಚೀಲ ಬಂತು, ಟೆಂಟು ಬಂತು, ಪ್ಲಾಸ್ಟಿಕ್ ಲಕೋಟೆ ಬಂತು. ಜಿಪ್ ಹಾಕಿದ ವಸ್ತುಗಳೆಲ್ಲ ಸಾಲುಗಟ್ಟಿದವು, ಜಿಪ್ಪನ್ನೇ ಮಾಡಿದವನು ಮಾತ್ರ ಕಾಣಲಿಲ್ಲ. ಕಾರಣ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಆ ವಸ್ತು ಹುಟ್ಟಿದಾಗ ಅದಕ್ಕೆ ಆ ಹೆಸರೇ ಇರಲಿಲ್ಲ. 1923ರಲ್ಲಿ ಗುಡ್‌ರಿಚ್ ಕಂಪನಿ ತನ್ನ ಬೂಟುಗಳಿಗೆ 'ಜಿಪ್ಪರ್' ಎಂದು ಹೆಸರಿಟ್ಟ ಮೇಲೆ ಆ ಮಾತು ಚಾಲ್ತಿಗೆ ಬಂತು. ಅದಕ್ಕೂ 30 ವರ್ಷ ಮೊದಲು, 1893ರಲ್ಲಿ, ವಿಟ್‌ಕಂಬ್ ಜಡ್ಸನ್ ಪಡೆದ ಪೇಟೆಂಟಿನ ಶೀರ್ಷಿಕೆ 'ಶೂಗಳಿಗಾಗಿ ಕೊಂಡಿ ಹಾಕುವ ಅಥವಾ ಬಿಚ್ಚುವ ಸಾಧನ' ಎಂಬ ಅರ್ಥದ್ದು. ಇವತ್ತಿನ ಜಿಪ್ಪಿನ ನಿಜವಾದ ಪೂರ್ವಜ ಗಿಡಿಯನ್ ಸುಂಡ್‌ಬ್ಯಾಕ್‌ನದು. 1917ರ ಮಾರ್ಚ್ 20ರಂದು ಮಂಜೂರಾದ ಅದರ ಹೆಸರು 'ಬೇರ್ಪಡಿಸಬಹುದಾದ ಬಂಧಕ'. ಇಂಥ ಹೆಸರನ್ನು ಊಹಿಸಿ ಹುಡುಕುವುದು ಯಾರಿಂದ ಸಾಧ್ಯ?

ಇದು ಜಿಪ್ಪಿಗೊಂದೇ ಬಂದ ಕಷ್ಟವಲ್ಲ. ಸೇಫ್ಟಿ ಪಿನ್ 1849ರ ದಾಖಲೆಯಲ್ಲಿ 'ಉಡುಪಿನ ಪಿನ್' ಆಗಿ ಕೂತಿದೆ. ವೆಲ್ಕ್ರೋ 1955ರಲ್ಲಿ 'ಮಖಮಲ್ ಬಗೆಯ ಬಟ್ಟೆ ಮತ್ತು ಅದನ್ನು ತಯಾರಿಸುವ ವಿಧಾನ'. ಜನ ಕರೆಯುವ ಹೆಸರು ವಸ್ತು ಬಳಕೆಗೆ ಬಂದ ಮೇಲೆ ಹುಟ್ಟುತ್ತದೆ. ಅರ್ಜಿ ಬರೆಯುವವರು ಅದಕ್ಕೂ ಮೊದಲೇ ಬರೆದು ಮುಗಿಸಿರುತ್ತಾರೆ.

ದಾರಿ ತೋರಿಸಿದ್ದು ವರ್ಗೀಕರಣ. ಪ್ರತಿ ಪೇಟೆಂಟಿಗೂ ವಿಷಯಕ್ಕೆ ತಕ್ಕ ಸಂಕೇತವೊಂದು ಅಂಟಿರುತ್ತದೆ. ಎ ಇಂದ ಎಚ್ ವರೆಗಿನ ವಿಭಾಗಗಳಲ್ಲಿ ಮೊದಲನೆಯದಕ್ಕೆ 'ಮಾನವ ಅಗತ್ಯಗಳು' ಎಂದು ಹೆಸರು. ಅದರೊಳಗೆ ಎ44ಬಿ ಎಂದರೆ ಗುಂಡಿ, ಪಿನ್ನು, ಬಕಲ್ಲು, ಜಿಪ್ಪು ಮತ್ತು ಅಂಥವು. ಅದರಲ್ಲಿ 19 ಪೂರ್ತಿ ಜಿಪ್ಪಿನ ಮನೆ: 19/26 ರನ್ನರುಗಳಿಗೆ, 19/30 ರನ್ನರನ್ನು ಇದ್ದಲ್ಲೇ ಹಿಡಿದು ನಿಲ್ಲಿಸುವ ಬೀಗಗಳಿಗೆ. ಈ ಸಂಕೇತ ಕೈಗೆ ಸಿಕ್ಕ ಮೇಲೆ ಹೆಸರಿನ ಹಂಗೇ ಇಲ್ಲ. ಬರೆದವರು ಏನೆಂದು ಕರೆದಿರಲಿ, ಯಾವ ದೇಶದವರಾಗಿರಲಿ, ಎಲ್ಲ ಒಂದೇ ಕಡೆ ಬಂದು ನಿಲ್ಲುತ್ತವೆ. ಇಷ್ಟು ಶ್ರದ್ಧೆಯಿಂದ ಲೋಕದ ವಸ್ತುಗಳನ್ನು ವಿಂಗಡಿಸಿಟ್ಟವರ ಬಗ್ಗೆ ನನಗೆ ಗೌರವ ಹುಟ್ಟಿತು.

ಸುಂಡ್‌ಬ್ಯಾಕ್‌ನ ದಾಖಲೆಯಲ್ಲಿ ಮೊದಲು ನೋಡಿದ್ದು ಚಿತ್ರಗಳನ್ನು. ಸ್ಕ್ಯಾನ್ ಮಾಡಿದ ಹಾಳೆ, ಅಚ್ಚುಕಟ್ಟಾದ ಗೆರೆಗಳು, ಪ್ರತಿ ಭಾಗಕ್ಕೂ ಒಂದು ಅಂಕಿ. ಹಲ್ಲನ್ನು ಬೇರೆಯಾಗಿ ದೊಡ್ಡದು ಮಾಡಿ ಬರೆದಿದ್ದಾರೆ. ಆಗ ಅರ್ಥವಾಯಿತು. ಜಿಪ್ಪಿನ ಹಲ್ಲು ಕೊಕ್ಕೆಯಲ್ಲ. ಅದರ ಒಂದು ಮುಖದಲ್ಲಿ ಉಬ್ಬು, ಇನ್ನೊಂದು ಮುಖದಲ್ಲಿ ಅಷ್ಟೇ ಅಳತೆಯ ತಗ್ಗು. ಎದುರು ಸಾಲಿನ ಹಲ್ಲಿನ ಉಬ್ಬು ಈ ಸಾಲಿನ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಪಟ್ಟಿ ನೇರವಾಗಿದ್ದಾಗ ಹಲ್ಲುಗಳ ನಡುವಿನ ಸಂದು ಎಷ್ಟು ಕಿರಿದೆಂದರೆ ಉಬ್ಬು ಒಳಗೂ ಹೋಗದು, ಹೊರಗೂ ಬಾರದು. ರನ್ನರಿನೊಳಗಿನ ದಾರಿ ಬಾಗಿರುವುದು ಅದಕ್ಕೇ. ಪಟ್ಟಿ ಬಾಗಿದಲ್ಲಿ ಹಲ್ಲುಗಳು ಬೀಸಣಿಗೆಯಂತೆ ಅಗಲುತ್ತವೆ, ಆ ಕ್ಷಣದಲ್ಲಿ ಎದುರಿನದು ಒಳಗೆ ಸೇರುತ್ತದೆ, ರನ್ನರ್ ದಾಟಿದ ಕೂಡಲೇ ಪಟ್ಟಿ ನೇರವಾಗಿ ಎಲ್ಲವೂ ಬಿಗಿಯುತ್ತದೆ. ಬಿಚ್ಚುವಾಗ ರನ್ನರಿನ ನಡುವಿನ ಬೆಣೆ ಇದೇ ಕೆಲಸವನ್ನು ತಿರುಗುಮುರುಗಾಗಿ ಮಾಡುತ್ತದೆ.

ನನ್ನ ಚೀಲದ ರೋಗವೂ ಅಲ್ಲೇ ಗೊತ್ತಾಯಿತು. ಎಳೆದೆಳೆದು ರನ್ನರಿನ ಹಿಂಬದಿಯ ಬಾಯಿ ಅಗಲವಾಗಿದೆ, ಹಲ್ಲುಗಳನ್ನು ಒಂದರೊಳಗೊಂದು ಒತ್ತುವ ಬಿಗಿ ಅದಕ್ಕೆ ಉಳಿದಿಲ್ಲ. ಇಕ್ಕಳದಿಂದ ಎರಡೂ ಪಕ್ಕ ಮೆಲ್ಲಗೆ ಒತ್ತಿದೆ, ಸರಿಹೋಯಿತು. ನೂರು ವರ್ಷಕ್ಕೂ ಹಳೆಯ ಹಾಳೆಯೊಂದು ಅವತ್ತು ನನ್ನ ಕೆಲಸಕ್ಕೆ ಬಂತು.

ಕೆಲಸ ಮುಗಿಯಿತೆಂದು ಏಳಬಹುದಿತ್ತು. ಆದರೆ ದಾಖಲೆಯ ಕೊನೆಯಲ್ಲಿ ಅಂಕಿ ಹಾಕಿ ಬರೆದ ಭಾಗವೊಂದಿತ್ತಲ್ಲ, ಕ್ಲೇಮುಗಳು, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ಸಾಲುಗಳು, ಅದು ನನ್ನನ್ನು ಬಿಡಲಿಲ್ಲ. ಅಲ್ಲಿಯವರೆಗೆ ಪಾಠ ಹೇಳುವಂತಿದ್ದ ದನಿ ಅಲ್ಲಿ ಒಮ್ಮೆಗೇ ಬದಲಾಗುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಇಂಥ ಬರವಣಿಗೆಯ ಧಾಟಿ ಹೀಗಿರುತ್ತದೆ: 'ಒಂದು ಜೋಡಿ ಪಟ್ಟಿಗಳು, ಸದರಿ ಪಟ್ಟಿಗಳ ಎದುರುಬದುರು ಅಂಚುಗಳಲ್ಲಿ ಸಾಲಾಗಿ ಕೂರಿಸಿದ ಅಂಗಗಳು, ಸದರಿ ಅಂಗಗಳಲ್ಲಿ ಪ್ರತಿಯೊಂದರ ಒಂದು ಮುಖದಲ್ಲಿ ಉಬ್ಬು ಹಾಗೂ ಇನ್ನೊಂದು ಮುಖದಲ್ಲಿ ತಗ್ಗು, ಸದರಿ ಅಂಗಗಳ ಮೇಲೆ ಚಲಿಸುವ ಒಂದು ರನ್ನರು, ಇವುಗಳನ್ನು ಒಳಗೊಂಡ ಬಂಧಕ.' ಪೂರ್ಣವಿರಾಮ ಕೊನೆಯಲ್ಲಿ ಮಾತ್ರ. ಎಷ್ಟು ಉದ್ದವಾದರೂ ಒಂದು ಕ್ಲೇಮು ಒಂದೇ ವಾಕ್ಯ. 'ನಾನು ಹಕ್ಕು ಕೇಳುವುದು' ಎಂಬ ಒಂದು ಆರಂಭಕ್ಕೆ ಪ್ರತಿ ಕ್ಲೇಮೂ ಬಾಲವಾಗಿ ಸೇರಬೇಕು ಎಂಬ ಸಂಪ್ರದಾಯದಿಂದ ಬಂದ ಪದ್ಧತಿ ಅದು.

ಇದನ್ನು ಕೆಟ್ಟ ಬರವಣಿಗೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಲೇಮು ಬರೆಯುವವರು ತಮ್ಮ ಮಾತಿನಲ್ಲಿ ಸಂದು ಹುಡುಕಿ ನುಸುಳಲು ಕಾದಿರುವ ಎದುರಾಳಿಗಾಗಿ ಬರೆಯುತ್ತಾರೆ. 'ಸದರಿ' ಎಂದರೆ ಮೇಲೆ ಹೇಳಿದ ಅದೇ, ಬೇರೆಯದಲ್ಲ. 'ಒಳಗೊಂಡ' ಎಂದರೆ ಇವಿಷ್ಟು ಇದ್ದೇ ಇರಬೇಕು, ಇದರ ಜೊತೆ ಇನ್ನೇನಿದ್ದರೂ ಹಕ್ಕು ನನ್ನದೇ. ಅದರ ಬದಲು 'ಇವುಗಳಿಂದಷ್ಟೇ ಆದ' ಎಂದು ಬರೆದರೆ ಬೇರೊಬ್ಬರು ಒಂದು ಭಾಗ ಹೆಚ್ಚಿಗೆ ಸೇರಿಸಿ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ. 'ಕನಿಷ್ಠ ಒಂದು', 'ಬಹುಮಟ್ಟಿಗೆ ನೇರವಾದ' ಎಂಬಲ್ಲೆಲ್ಲ ಇದೇ ಎಚ್ಚರ.

ಒಂದು ಪದ ಹೆಚ್ಚಾದರೆ ಹಕ್ಕು ಎಷ್ಟು ಕುಗ್ಗುತ್ತದೆ ಎಂದು ನೋಡಬೇಕಾದರೆ 2002ರಲ್ಲಿ ಅಮೆರಿಕದಲ್ಲಿ ಮಂಜೂರಾದ, ಉಯ್ಯಾಲೆ ಆಡುವ ವಿಧಾನದ ಪೇಟೆಂಟನ್ನು ಓದಬೇಕು. ಮರದ ಕೊಂಬೆಗೆ ಇಳಿಬಿಟ್ಟ ಎರಡೇ ಎರಡು ಸರಪಳಿಗಳ ನಡುವೆ ಆಸನ ತೂಗುಹಾಕುವುದು, 'ಬಳಕೆದಾರ'ರನ್ನು ಕೊಂಬೆಗೆ ಲಂಬವಾದ ದಿಕ್ಕಿಗೆ ಮುಖಮಾಡಿ ಕೂರಿಸುವುದು, ಒಂದಾದ ಮೇಲೊಂದು ಸರಪಳಿ ಎಳೆದು ಪಕ್ಕದಿಂದ ಪಕ್ಕಕ್ಕೆ ತೂಗುವುದು. ಮಕ್ಕಳು ಎಂದಿನಿಂದಲೂ ಆಡುವ ಆಟ. ಮರುಪರಿಶೀಲನೆಯಲ್ಲಿ ಅದು ರದ್ದಾಯಿತು, ಆಗಬೇಕಾದದ್ದೇ. ಆದರೂ 'ಎರಡೇ ಎರಡು', 'ಸರಪಳಿ', 'ಕೊಂಬೆ' ಎಂಬ ಪದಗಳನ್ನು ಗಮನಿಸಿ. ಒಂದೊಂದೂ ಹಕ್ಕಿನ ಗಡಿಯನ್ನು ಒಳಕ್ಕೆ ತಳ್ಳುತ್ತದೆ. ಹೇಳಿದ್ದರಲ್ಲಿ ಒಂದು ಅಂಶ ಇಲ್ಲದಿದ್ದರೂ ಅಕ್ಷರಶಃ ಉಲ್ಲಂಘನೆ ಆಗುವುದಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಪೇಟೆಂಟ್ ಎನ್ನುವುದು ಒಂದು ಕೊಡುಕೊಳ್ಳುವಿಕೆ. ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು ಅವರಿಗೆ; ಅದಕ್ಕೆ ಬದಲಾಗಿ, ಆ ಕ್ಷೇತ್ರದ ಸಾಮಾನ್ಯ ಪರಿಣತರೊಬ್ಬರು ಓದಿ ತಾವೇ ಮಾಡಬಲ್ಲಷ್ಟು ವಿವರವಾಗಿ ಅವರು ಬಿಡಿಸಿ ಹೇಳಬೇಕು. ಅವತ್ತು ಓದಿದ ಹಳೆಯ ದಾಖಲೆಗಳ ವಿವರಣೆಯ ಭಾಗದಲ್ಲಿ ಈ ಮಾತು ಉಳಿದಿದೆ. 'ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ' ಎಂದು ಶುರುಮಾಡಿ, ಹೆಸರು, ಊರು ಹೇಳಿ, ಹಿಂದಿನದರಲ್ಲಿ ಇದ್ದ ತೊಂದರೆ ಏನು, ತಾನು ಏನು ಮಾಡಿದೆ ಎಂದು ವಿವರಿಸುತ್ತಾರೆ. ಇತ್ತೀಚಿನ ಕೆಲವನ್ನು ತೆರೆದರೆ ಕ್ಲೇಮಿನ ಭಾಷೆ ವಿವರಣೆಗೂ ಹಬ್ಬಿದೆ. 'ಕೆಲವು ರೂಪಗಳಲ್ಲಿ ಹೀಗಿರಬಹುದು, ಇನ್ನು ಕೆಲವು ರೂಪಗಳಲ್ಲಿ ಹಾಗೂ ಇರಬಹುದು' ಎಂದು ಪುಟಗಟ್ಟಲೆ ಸಾಗುತ್ತದೆ. ಕೊನೆಗೆ ಅವರು ಮಾಡಿದ್ದು ಯಾವುದು ಎಂದು ತಿಳಿಯುವುದಿಲ್ಲ. ಕ್ಲೇಮು ಎದುರಾಳಿಗೆ, ಸರಿ. ವಿವರಣೆ ಕಲಿಯುವವರಿಗೆ ಸಲ್ಲಬೇಕಾದದ್ದು. ಅದನ್ನೂ ಮುಚ್ಚಿಟ್ಟರೆ ಹಕ್ಕು ಕೊಟ್ಟವರಿಗೆ ಸಿಕ್ಕಿದ್ದೇನು?

ಸಂಜೆ ಹೊತ್ತಿಗೆ 19/30ರ ಬೀಗಗಳಿಗೆ ಬಂದಿದ್ದೆ. ಅಲ್ಲಿ ಜಪಾನಿನ ದಾಖಲೆಗಳೂ ಇದ್ದವು. ಯಂತ್ರಾನುವಾದದ ಇಂಗ್ಲಿಷಿನಲ್ಲಿ ಯಾವುದು ಯಾವುದರ ಮೇಲೆ ಕೂತಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಒಂದರ ಮೊದಲ ಕ್ಲೇಮನ್ನು ಕಾಗದದ ಮೇಲೆ ಇಳಿಸಿಕೊಂಡೆ. ಪ್ರತಿ ಅಲ್ಪವಿರಾಮಕ್ಕೂ ಹೊಸ ಸಾಲು, ಪ್ರತಿ 'ಸದರಿ'ಯ ಜಾಗದಲ್ಲಿ ಚಿತ್ರದಲ್ಲಿದ್ದ ಅಂಕಿ. ವಾಕ್ಯ ಬಿಚ್ಚಿಕೊಂಡಿತು. ರನ್ನರಿನ ಹಿಡಿಯನ್ನು ಮಲಗಿಸಿದರೆ ಸಣ್ಣ ಮೊನೆಯೊಂದು ಹಲ್ಲುಗಳ ನಡುವೆ ಇಳಿದು ರನ್ನರನ್ನು ಜಾರದಂತೆ ಹಿಡಿಯುತ್ತದೆ. ಹಿಡಿ ಎತ್ತಿ ಎಳೆದರೆ ಮೊನೆ ಮೇಲೆದ್ದು ದಾರಿ ಬಿಡುತ್ತದೆ. ಪ್ಯಾಂಟಿನ ಜಿಪ್ ತಾನಾಗಿ ಕೆಳಗಿಳಿಯದಿರುವುದು ಇದರಿಂದ. ಆ ದಾಖಲೆಯ ಅವಧಿ ಮುಗಿದಿದೆ ಎಂದು ಪಕ್ಕದಲ್ಲೇ ಬರೆದಿತ್ತು. ಈಗ ಅದನ್ನು ಯಾರು ಬೇಕಾದರೂ ಮಾಡಬಹುದು.